ತೊಖ್ತಾಸಿನ್ ಉಸ್ತಾನ ಏಳು ಗುಟ್ಟಿನ ಪೆಟ್ಟಿಗೆ

ಕೊಕಂದ್ ಊರಿನ ಮರಗೆಲಸದವರಲ್ಲಿ ನಿನಗೆ ಸರಿಸಮಾನರು ಎಷ್ಟು ಮಂದಿ ಎಂದು ಯಾರಾದರೂ ಕೇಳಿದರೆ ಉಸ್ತಾ, ಅಂದರೆ ಮೇಸ್ತ್ರಿ, ಎಂದೇ ಹೆಸರಾದ ತೊಖ್ತಾಸಿನ್ ಸ್ವಲ್ಪ ಹೊತ್ತು ಪ್ರಾಮಾಣಿಕವಾಗಿ ಯೋಚಿಸಿ, ಒಬ್ಬರಿದ್ದರು, ಪಾಪ, ತೀರಿಕೊಂಡರು ಎನ್ನುತ್ತಿದ್ದ. (ತೀರಿಕೊಂಡವರು ಅವನ ಅಪ್ಪ. ಬದುಕಿದ್ದಾಗ ಅವರಿಗೂ ಈ ಗೌರವ ಸಿಕ್ಕಿರಲಿಲ್ಲ.)

ಅವನ ಒಡವೆ ಪೆಟ್ಟಿಗೆಗಳ ಮಹಿಮೆಯೂ ಸಾಮಾನ್ಯದ್ದಲ್ಲ. ಒಂಬತ್ತು ವರ್ಷ ಅಟ್ಟದ ಮೇಲೆ ತಪಸ್ಸು ಮಾಡಿದ ಅಕ್ರೋಟಿನ ಮರ. ಅದರೊಳಗೆ ಏಪ್ರಿಕಾಟ್ ಮರದ ಕೆಂಪು ಪಟ್ಟಿ. ಮೊಳೆಯಿಲ್ಲ, ತಿರುಗಣಿಯಿಲ್ಲ, ಬೀಗದ ಕೈಯಂತೂ ಇಲ್ಲವೇ ಇಲ್ಲ. ತೆರೆಯಬೇಕಾದರೆ ಏಳು ಗುಟ್ಟು ತಿಳಿದಿರಬೇಕು. ಪೆಟ್ಟಿಗೆ ಕೊಂಡವರಿಗೆ ಮೂರೇ ಗುಟ್ಟಿನ ಬಡ ಆವೃತ್ತಿ. ಪೂರ್ತಿ ಏಳಿರುವುದನ್ನು ಅವನು ಮಾರುತ್ತಲೇ ಇರಲಿಲ್ಲ. ಎರಡು ಬೀದಿ ಆಚೆಯ ಪ್ರತಿಸ್ಪರ್ಧಿ ಕೊದಿರ್‌ಜೊನ್ ಅಂಥದ್ದೊಂದನ್ನು ಹೇಗೋ ಸಂಪಾದಿಸಿ, ಕೊನೆಗೆ ಗರಗಸದಿಂದ ಕೊಯ್ದು ನೋಡಿದನಂತೆ. ಮರದ ಹುಡಿ ಏನನ್ನೂ ಬಾಯಿಬಿಡಲಿಲ್ಲ.

"ಹೆಂಗಸರ ಹೊಟ್ಟೆಯಲ್ಲಿ ಗುಟ್ಟು ನಿಲ್ಲಲ್ಲ ಕಣೆ. ಅದಕ್ಕೇ ನಿನಗೂ ಹೇಳಿಲ್ಲ," ಎಂದು ಉಸ್ತಾ ತಿಂಗಳಿಗೊಮ್ಮೆಯಾದರೂ ಹೆಂಡತಿಗೆ ಸಾರುತ್ತಿದ್ದ.

"ಹೌದಾ," ಎನ್ನುತ್ತಿದ್ದಳು ಹೊಸಿಯತ್. ಕೈಯಲ್ಲಿದ್ದ ಪೆಟ್ಟಿಗೆಗೆ ಎಣ್ಣೆ ತಿಕ್ಕುವುದನ್ನು ಮಾತ್ರ ನಿಲ್ಲಿಸುತ್ತಿರಲಿಲ್ಲ.

ಮಗಳು ನಜೋಕತ್‌ಳ ಮದುವೆ ಗೊತ್ತಾದಾಗ ಉಸ್ತಾ ತನ್ನ ಜನ್ಮದ ಅತ್ಯುತ್ತಮ ಪೆಟ್ಟಿಗೆಯನ್ನು ಮಾಡಿದ. ಮುಚ್ಚಳದ ತುಂಬ ದಾಳಿಂಬೆ ಹೂವಿನ ಕೆತ್ತನೆ. ಅಜ್ಜಿಯ ಕಾಲದ ಹವಳದ ಓಲೆಗಳನ್ನು ತಾನೇ ಒಳಗಿಟ್ಟು ಮುಚ್ಚಿದ. ಗಂಡಿನ ಕಡೆಯ ಹೆಂಗಸರು ಬಳುವಳಿ ನೋಡಲು ಬರುವ ದಿನ ಈ ಪೆಟ್ಟಿಗೆ ತನ್ನ ಮನೆತನದ ಪರವಾಗಿ ಮಾತಾಡಲಿದೆ ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ಬಂದ.

ಆ ದಿನ ಬಂತು. ಗಂಡಸರಿಗೆ ಅಂಗಳದಲ್ಲಿ ಕಡಾಯಿಗಟ್ಟಲೆ ಪಲಾವ್. ಹೆಂಗಸರೆಲ್ಲ ಒಳಮನೆಯಲ್ಲಿ, ಸೂರಿನವರೆಗೆ ಪೇರಿಸಿದ ರಜಾಯಿಗಳ ನಡುವೆ. ಬಾಗಿಲಿಗೆ ಕಸೂತಿಯ ಪರದೆ. ಬಳುವಳಿ ಹರಡಿದ ಮೇಲೆ ಆ ಪರದೆ ದಾಟಿ ಗಂಡಸು ಒಳಹೋಗುವಂತಿಲ್ಲ, ಹೆಣ್ಣಿನ ಅಪ್ಪನಾದರೂ ಸರಿ. ಹರಡಿದ ಸಾಮಾನು ಗಂಡಿನ ಮನೆಗೆ ಹೊರಡುವ ತನಕ ಹೊರಬರುವಂತೆಯೂ ಇಲ್ಲ. ಇದು ಉಸ್ತಾನಿಗೆ ಗೊತ್ತಿರಲಿಲ್ಲವೆಂದಲ್ಲ. ತನ್ನ ಏಳು ಗುಟ್ಟುಗಳೂ ಗಂಡು ಜಾತಿಗೇ ಸೇರಿದವು ಎಂಬುದು ಹೊಳೆದಿರಲಿಲ್ಲ, ಅಷ್ಟೆ.

ಗಂಡಿನ ಸೋದರತ್ತೆ ಸನೋಬರ್ ಪರದೆಯ ಸಂದಿಯಿಂದ ತಲೆ ಹೊರಹಾಕಿದಳು.

"ಬೀಗರೇ, ಪೆಟ್ಟಿಗೆ ಬಹಳ ಚೆನ್ನಾಗಿದೆ. ಒಳಗೆ ಏನಾದ್ರೂ ಇದೆಯೋ, ಇಲ್ಲ ಹೊರಗಿಂದ ನೋಡೋಕೆ ಮಾತ್ರಾನೋ? ಆರು ಜನ ಕೂತು ತಿಣುಕಿದ್ವಿ, ಬಾಯೇ ಬಿಡ್ತಿಲ್ಲ."

ಅಂಗಳದಲ್ಲಿ ನಲವತ್ತು ದವಡೆಗಳು ಒಟ್ಟಿಗೆ ನಿಂತವು. ಖಾಲಿ ಪೆಟ್ಟಿಗೆ ಕೊಟ್ಟು ಮಗಳನ್ನು ಕಳಿಸಿದ ಎಂಬ ಮಾತು ಸಂಜೆಯೊಳಗೆ ಊರು ಸುತ್ತುತ್ತದೆ. ಅತ್ತೆಮನೆಯಲ್ಲಿ ನಜೋಕತ್ ಅದನ್ನು ಮೊಮ್ಮಕ್ಕಳ ಕಾಲದವರೆಗೂ ಕೇಳಬೇಕಾಗುತ್ತದೆ. ಉಸ್ತಾ ಪರದೆಯ ಬಳಿಗೆ ಓಡಿ ಮೊದಲ ಗುಟ್ಟನ್ನು ಪಿಸುಗುಟ್ಟಿದ.

"ಜೋರಾಗಿ ಹೇಳಿ ಬೀಗರೇ. ಒಳಗೆ ತಮಟೆ ಬಾರಿಸ್ತಾ ಇದ್ದಾರೆ."

ಉಸ್ತಾ ತಿರುಗಿ ನೋಡಿದ. ಕೊದಿರ್‌ಜೊನ್ ಪಲಾವಿನ ತಟ್ಟೆಯನ್ನು ಪಕ್ಕಕ್ಕಿಟ್ಟು ಕಿವಿಯ ಮೇಲಿನ ಟೋಪಿಯನ್ನು ಮೇಲೆ ಸರಿಸುತ್ತಿದ್ದ. ಒಂದು ಕಡೆ ಮಗಳ ಮಾನ, ಇನ್ನೊಂದು ಕಡೆ ಇಪ್ಪತ್ತೆರಡು ವರ್ಷದ ಕೀರ್ತಿ. ಉಸ್ತಾ ಕಣ್ಣು ಮುಚ್ಚಿ, ಬಾಯಿ ತೆರೆದ.

ಎಡಗಡೆಯಿಂದ ಮೂರನೆಯ ದಾಳಿಂಬೆ ಹೂವನ್ನು ಒತ್ತಬೇಕು ಎಂದು ಕೂಗಿದ. ಪೆಟ್ಟಿಗೆಯನ್ನು ಬಲಕ್ಕೆ ವಾಲಿಸಬೇಕು ಎಂದು ಕೂಗಿದ. ಅಡಿಯ ಅಂಚನ್ನು ಒಂದು ಬೆರಳಿನಷ್ಟು ಜಾರಿಸಬೇಕು ಎಂದಾಗ ಅಂಗಳದ ಗಂಡಸರೆಲ್ಲ ಗಾಳಿಯಲ್ಲೇ ಬೆರಳು ಜಾರಿಸಿ ನೋಡಿದರು. ಪೆಟ್ಟಿಗೆಯನ್ನು ತಲೆಕೆಳಗು ಮಾಡಬೇಕೆಂಬ ಐದನೆಯದಕ್ಕೆ ಬರುವಷ್ಟರಲ್ಲಿ ಮಸೀದಿಯ ಇಮಾಮರು ಚಹಾದ ಬಟ್ಟಲನ್ನೇ ತಲೆಕೆಳಗು ಮಾಡಿ ಮಡಿಲು ನೆನೆಸಿಕೊಂಡಿದ್ದರು. ಏಳನೆಯ ಗುಟ್ಟು, ಮುಚ್ಚಳವನ್ನು ಎತ್ತದೆ ಹಿಂದಕ್ಕೆ ತಳ್ಳುವುದು, ಅವನ ಗಂಟಲಿನಿಂದ ಹೊರಡುವ ಹೊತ್ತಿಗೆ ಒಳಗೆ ತಮಟೆ ನಿಂತಿತ್ತು.

ಹೊಸಿಯತ್‌ಳ ದನಿ ಪರದೆಯಾಚೆಯಿಂದ ಸ್ಪಷ್ಟವಾಗಿ ಕೇಳಿಸಿತು. "ಯಾಕ್ರೀ ಹಾಗೆ ಕೂಗ್ತಿದ್ದೀರಿ? ನಾನು ಬೆಳಿಗ್ಗೇನೇ ತೆಗೆದು ಓಲೆ ನಜೋಕತ್ ಕಿವಿಗೆ ಹಾಕಿದೀನಿ. ಬೀಗಿತ್ತಿಯರು ಸ್ವಲ್ಪ ಕಷ್ಟಪಡಲಿ ಅಂತ ಮತ್ತೆ ಮುಚ್ಚಿಟ್ಟಿದ್ದೆ."

"ನಿನಗೆ... ನಿನಗೆ ಹೇಗೆ ಗೊತ್ತು?"

"ಇಷ್ಟು ವರ್ಷ ಒಂದೊಂದು ಪೆಟ್ಟಿಗೆಗೂ ಎಣ್ಣೆ ತಿಕ್ಕಿದ್ದು ಯಾರು? ಅಲ್ಲಾಡೋದು ಯಾವುದು, ಅಲ್ಲಾಡದ್ದು ಯಾವುದು, ಕೈಗೆ ಗೊತ್ತಾಗಲ್ವಾ? ಅಂದಹಾಗೆ ಆ ಐದನೇದು ಬೇಕಾಗೇ ಇಲ್ಲ. ನಾಲ್ಕಾದ ಮೇಲೆ ಸೀದಾ ಆರಕ್ಕೆ ಹೋಗಬಹುದು."

ಉಸ್ತಾ ಮೆಲ್ಲಗೆ ಬಂದು ತನ್ನ ಜಾಗದಲ್ಲಿ ಕೂತ. ಕೊದಿರ್‌ಜೊನ್ ಬಹಳ ಗೌರವದಿಂದ ಅವನ ಕಡೆಗೆ ಬಾಗಿದ.

"ಉಸ್ತಾ, ನಾಲ್ಕನೇದು ಇನ್ನೊಂದು ಸಲ ಹೇಳ್ತೀರಾ? ಬಾಯಲ್ಲಿ ಮೂಳೆ ಇತ್ತು, ಸರಿಯಾಗಿ ಕೇಳಿಸಲಿಲ್ಲ."

ಮದುವೆ ಮುಗಿದ ಮೇಲೆ ಉಸ್ತಾ ಹದಿನೈದು ದಿನ ಕಾರ್ಖಾನೆಯ ಬಾಗಿಲು ಹಾಕಿಕೊಂಡು ಕೂತ. ಹೊರಬಂದಾಗ ಕೈಯಲ್ಲಿ ಹನ್ನೊಂದು ಗುಟ್ಟಿನ ಪೆಟ್ಟಿಗೆ. ಒಂಬತ್ತನೆಯದು ಅವನಿಗೇ ಆಗಾಗ ಮರೆತುಹೋಗುತ್ತಿತ್ತು. ಇನ್ನು ಈ ಭೂಮಿಯ ಮೇಲೆ ನರಪಿಳ್ಳೆಗೂ ಇದು ತಿಳಿಯುವುದಿಲ್ಲ ಎಂದು ಎದೆಯುಬ್ಬಿಸಿ, ಪೆಟ್ಟಿಗೆಯನ್ನು ಹೆಂಡತಿಯ ಮುಂದಿಟ್ಟ.

"ಚೆನ್ನಾಗಿ ಎಣ್ಣೆ ತಿಕ್ಕು. ಒಂದು ಮೂಲೆಯನ್ನೂ ಬಿಡಬೇಡ."

ಹೊಸಿಯತ್ ತೋಳೇರಿಸಿದಳು.