ಮೂಸಿ ನೋಡಿದ ದೋಣಿ

ಪಾಲಿಶಣ್ಣನಿಗೆ ಮೂಗಿತ್ತು. ಆದರೆ ಕನ್ನಡಕ ಕೂರಿಸಿಕೊಳ್ಳುವುದಕ್ಕಲ್ಲದೆ ಬೇರೆ ಯಾವ ಉಪಯೋಗಕ್ಕೂ ಅದು ಬರುತ್ತಿರಲಿಲ್ಲ. ಕಿಟಕಿಯಿಲ್ಲದ ಅಂಗಡಿಯಲ್ಲಿ ಮೂವತ್ತು ವರ್ಷ ಕೂತು ಊರವರ ಮೇಜು, ಕುರ್ಚಿ, ಮಂಚ, ಬಾಗಿಲುಗಳಿಗೆ ವಾರ್ನಿಷ್ ಬಳಿದುದರ ಫಲ ಅದು. ಟರ್ಪೆಂಟೈನು ಮೊದಲು ಹೂವಿನ ವಾಸನೆಯನ್ನು ಕಿತ್ತುಕೊಂಡಿತು, ಆಮೇಲೆ ಸೀದ ಹಾಲಿನದನ್ನು, ಕಡೆಗೆ ತನ್ನದನ್ನೂ ಹೊತ್ತುಕೊಂಡು ಹೋಯಿತು.

ಕೆಲಸದಲ್ಲಿ ಮಾತ್ರ ಅವನತ್ತ ಬೆರಳು ತೋರಿಸುವವರಿರಲಿಲ್ಲ. ಒಂದು ಸಾಮಾನು ಮುಗಿಯಿತೆಂದರೆ ಅದರ ಅಡಿಗೆ ಪೆನ್ಸಿಲಿನಲ್ಲಿ ಹೆಬ್ಬೆರಳುಗುರಿನಷ್ಟು ಗುಬ್ಬಿಯೊಂದನ್ನು ಬರೆದು, ಅದರ ಮೇಲೂ ಒಂದು ಕೈ ವಾರ್ನಿಷ್ ಎಳೆಯುತ್ತಿದ್ದ. "ಗುಬ್ಬಿ ಇರೋವರೆಗೂ ಜವಾಬ್ದಾರಿ ನಂದು" ಎಂದು ಹೇಳಿಯೇ ಸಾಮಾನು ಕಳಿಸುತ್ತಿದ್ದ. ಕೇಳಿದವರು ನಕ್ಕು ಮರೆತುಬಿಡುತ್ತಿದ್ದರು. ಇಷ್ಟು ವರ್ಷದಲ್ಲಿ ಒಬ್ಬರೂ ಸಾಮಾನನ್ನು ಮಗುಚಿ ಗುಬ್ಬಿ ತೋರಿಸಲು ಬಂದಿರಲಿಲ್ಲ.

ಗಂಡನ ಪಾಲಿನ ಮೂಗೂ ಹೆಂಡತಿಗೇ ಹೋಗಿ ಸೇರಿದಂತಿತ್ತು. ಹಾಲಿನ ಡೈರಿಯಲ್ಲಿ ಒಂದೊಂದೇ ಕ್ಯಾನಿನ ಮುಚ್ಚಳ ತೆಗೆದು ಮೂಸಿ, ಒಡೆಯಲಿರುವ ಹಾಲನ್ನು ಬೇರೆಯಾಗಿ ಇರಿಸುವುದು ಅವಳ ಕೆಲಸ. ಬೀದಿಯ ಆ ತುದಿಯ ಮನೆಯಲ್ಲಿ ಏನಾದರೂ ತಳ ಹಿಡಿದರೆ ಈ ತುದಿಯಿಂದ ಇವಳು "ಒಲೆ ಆರಿಸ್ರೇ!" ಎಂದು ಕೂಗುವಳು.

ಅಂಚೆ ಮೇಷ್ಟ್ರು ತಮ್ಮ ಹಳೆಯ ದೋಣಿಯನ್ನು ಮಾರುತ್ತಾರೆಂಬ ಸುದ್ದಿ ಬಂದಾಗ ಪಾಲಿಶಣ್ಣ ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಅವನ ಅಂಗಡಿಗೆ ಎಡಕ್ಕೆ ಕ್ಷೌರದವನು, ಎದುರಿಗೆ ನಿವೃತ್ತ ನರ್ಸಕ್ಕ. ಬೆಳಿಗ್ಗೆ ಬಾಗಿಲು ತೆಗೆದರೆ ಸಾಕು, ಒಬ್ಬ ಅವನಿಗೆ ಬದುಕುವುದು ಹೇಗೆಂದು ಹೇಳಿಕೊಡುತ್ತಿದ್ದ, ಇನ್ನೊಬ್ಬಳು ಸಾಯದೆ ಇರುವುದು ಹೇಗೆಂದು. ಹೊಳೆಯ ನಡುವೆಯಾದರೆ ಕದವಿಲ್ಲ. ಕದವಿಲ್ಲದ ಮೇಲೆ ತಟ್ಟುವವರಾದರೂ ಯಾರು? ರಜೆಯ ದಿನ ಅಲ್ಲಿ ಹುಟ್ಟು ಎತ್ತಿಟ್ಟುಕೊಂಡು ಸುಮ್ಮನೆ ಕೂರಬೇಕು. ಜೀವನದಲ್ಲಿ ಅವನು ಕೇಳಿದ್ದು ಅಷ್ಟೇ.

"ತಗೊಳ್ಳಿ, ನಾನೇನು ಬೇಡ ಅನ್ನಲ್ಲ" ಎಂದಳು ಹೆಂಡತಿ, ಡೈರಿಗೆ ಹೊರಡುತ್ತ. "ಆದ್ರೆ ಅದಕ್ಕೆ ಬೂಷ್ಟು ಹಿಡಿದಿದೆ ಅಂತ ಊರೆಲ್ಲ ಹೇಳ್ತಿದೆ. ಅದು ಬಂದು ನಿಲ್ಲೋದು ನಮ್ಮ ಹಿತ್ತಲಲ್ಲಿ. ಸಂಜೆ ಕೆಲಸ ಮುಗಿಸ್ಕೊಂಡು ಅಲ್ಲಿಗೇ ಬರ್ತೀನಿ, ಮೂಸಿ ನೋಡ್ತೀನಿ. ನನ್ನ ಮೂಗು ಒಪ್ಪಿದ್ರೆ ಸರಿ. ಇಲ್ದಿದ್ರೆ ದೋಣಿ ಜೊತೆ ನೀವೂ ಹೊಳೆ ದಂಡೇಲೇ ಇದ್ಬಿಡಿ."

ಅಂಚೆ ಮೇಷ್ಟ್ರ ಮನೆಯ ಹಿಂದೆ, ಹೊಳೆಯ ದಂಡೆಯಲ್ಲಿ, ಎರಡು ದಿಮ್ಮಿಗಳ ಮೇಲೆ ದೋಣಿ ಕೂತಿತ್ತು. ನಾಲ್ಕು ಜನ ಹಿಡಿಸುವಷ್ಟಿತ್ತು. ಹಿಂಭಾಗದಲ್ಲಿ ಮಳೆ ಬಿಸಿಲಿಗೆ ಒಂದು ಪುಟ್ಟ ಗೂಡು. ಹೊರಗಿನಿಂದ ನೋಡಿದರೆ ಮದುವೆಗೆ ಹೊರಟ ಹಾಗಿತ್ತು. ಗೂಡಿನ ಬಾಗಿಲು ತೆಗೆದರೆ ಮಾತ್ರ ಒಳಗೋಡೆಯ ಮೇಲೆ ಕಪ್ಪು, ಬೂದು, ಹಸಿರು ಚುಕ್ಕೆಗಳು ಜಾತ್ರೆಯ ಜನದಂತೆ ಮೈಗೆ ಮೈ ತಾಗಿಸಿ ನಿಂತಿದ್ದವು.

ಅಂಚೆ ಮೇಷ್ಟ್ರು ಕೆಲಸದಲ್ಲಿದ್ದಷ್ಟು ಕಾಲವೂ ಬೇರೆಯವರ ತಂತಿ ಬರೆದು ಕಳಿಸಿದವರು. ಈಗಲೂ ಪದಕ್ಕಿಷ್ಟು ಎಂದು ಯಾರೋ ವಸೂಲಿ ಮಾಡುತ್ತಾರೇನೋ ಎಂಬಂತೆ ಮಾತಾಡುತ್ತಿದ್ದರು.

"ದೋಣಿ ಚೆನ್ನಾಗಿದೆ. ಬೂಷ್ಟು ಇದೆ. ಹೆಂಡತಿ ಬೈತಾಳೆ. ಸಂಜೆಯೊಳಗೆ ಹೇಳಿ."

"ಸಂಜೆಗೇನು ಅವಸರ ಮೇಷ್ಟ್ರೇ?"

"ಬಾತುಕೋಳಿಯವನು ಬರ್ತಾನೆ."

"ಅವನಿಗ್ಯಾಕೆ ದೋಣಿ? ಬಾತುಕೋಳಿ ತಾವೇ ಈಜ್ತಾವಲ್ಲ!"

"ಮಗುಚಿ ಹಾಕ್ತಾನೆ. ಗೂಡು ಮಾಡ್ತಾನೆ."

ಇಂಥ ಮೈಕಟ್ಟಿನ ದೋಣಿ ಮಗುಚಿ ಬಿದ್ದುಕೊಂಡು, ಒಳಗೆ ಅರವತ್ತು ಬಾತುಕೋಳಿ! ಪಾಲಿಶಣ್ಣ ಅಂಗೈಯಿಂದ ದೋಣಿಯ ಪಕ್ಕವನ್ನು ಸವರಿದ. ಆಸೆ ಬಿಡಲಿಲ್ಲ, ಧೈರ್ಯವೂ ಬರಲಿಲ್ಲ. ಕಣ್ಣಿಗೆ ಕಂಡ ಬೂಷ್ಟನ್ನು ಒರೆಸಬಹುದು, ಕಾಣದ ವಾಸನೆಯನ್ನು ಏನು ಮಾಡುವುದು? ಹೆಂಡತಿ ಬರುವ ಮುಂಚೆ ಒಂದೆರಡು ಮೂಗುಗಳಿಗೆ ತೋರಿಸುವುದು ಒಳ್ಳೆಯದು ಎನ್ನಿಸಿ ಕ್ಷೌರದವನಿಗೆ ಹೇಳಿಕಳಿಸಿದ. ಕರೆಯದಿದ್ದರೂ ನರ್ಸಕ್ಕ ಅವನಿಗಿಂತ ಮೊದಲೇ ಬಂದಳು.

ಕ್ಷೌರದವನು ಗೂಡಿನೊಳಗೆ ತಲೆ ಹಾಕಿ ದೀರ್ಘವಾಗಿ ಉಸಿರೆಳೆದ. "ಏನೂ ಇಲ್ಲ ಅಣ್ಣ! ಗುಲಾಬಿ ತೋಟ ಇದ್ದ ಹಾಗಿದೆ. ಕಣ್ಮುಚ್ಚಿ ತಗೋ. ವಾರಕ್ಕೊಂದು ಸಲ ಇಬ್ರೂ ಮೀನು ಹಿಡಿಯೋಕೆ ಹೋಗೋಣ."

ಹೊಳೆಯ ನಡುವೆಯೂ ಇವನೇ! ಪಾಲಿಶಣ್ಣನ ಮುಖ ಸ್ವಲ್ಪ ಸಣ್ಣದಾಯಿತು.

"ಇವನ ಮಾತು ಕಟ್ಕೊಂಡು ಸತ್ತೀಯ!" ಎಂದಳು ನರ್ಸಕ್ಕ, ಸೆರಗನ್ನು ಮೂಗಿಗೆ ಒತ್ತಿಕೊಂಡು. "ದಿನಾ ಪೌಡರು ಲೋಷನ್ನು ಮೂಸೋನಿಗೆ ಗುಲಾಬಿ ಅಲ್ದೆ ಇನ್ನೇನು ಕಾಣುತ್ತೆ? ನೆನೆದ ಗೋಣಿ ಚೀಲದೊಳಗೆ ಮುದಿ ನಾಯಿ ಮಲಗಿದ್ದ ಹಾಗಿದೆ. ಈ ಗಾಳಿ ಒಳಗೆ ಹೋದ್ರೆ ಶ್ವಾಸಕೋಶದಲ್ಲಿ ಅಣಬೆ ಏಳುತ್ತೆ, ತಿಳ್ಕೊ."

ಒಂದು ಮೂಗಿನ ಪ್ರಕಾರ ತೋಟ, ಇನ್ನೊಂದರ ಪ್ರಕಾರ ನಾಯಿ. ಪಾಲಿಶಣ್ಣ ತನಗೆ ಗೊತ್ತಿದ್ದ ದಾರಿ ಹಿಡಿದ. ಗೋಡೆಯ ಹಲಗೆಯನ್ನು ಉಗುರಿನಿಂದ ಕೆರೆದ, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳಿದ. ಅವನ ಕಣ್ಣು ಅರಳಿದವು.

"ಮೇಷ್ಟ್ರೇ, ಇಲ್ಲಿ ಬನ್ನಿ! ಇದು ದೋಣಿ ತಪ್ಪಲ್ಲ. ಯಾವನೋ ಮುಠ್ಠಾಳ ಮರ ಆರೋಕೆ ಮುಂಚೆ ವಾರ್ನಿಷ್ ಹೊಡೆದಿದಾನೆ. ಹಸಿ ಮರದ ಎರಡೂ ಮೈಗೆ! ಒಳಗಿನ ತೇವ ಎಲ್ಲಿಗೆ ಹೋಗ್ಬೇಕು? ಬಾಯಿ ಹೊಲಿದ ಚೀಲ ಆಗ್ಬಿಟ್ಟಿದೆ ಇದು."

"ಯಾರು ಹೊಡೆದದ್ದೋ. ನಾನು ಕೊಂಡದ್ದೇ ಇನ್ನೊಬ್ಬರಿಂದ."

"ಯಾವನಾದ್ರೂ ಆಗ್ಲಿ, ಕುಂಚ ಹಿಡಿಯೋಕೆ ಲಾಯಕ್ಕಿಲ್ಲದೋನು. ಹೊಟ್ಟೆಪಾಡಿಗೆ ಅವಸರ ಮಾಡಿ ಮರದ ಉಸಿರು ಕಟ್ಟಿಸಿದಾನೆ. ಅಂಥೋನು ಕೈಗೆ ಸಿಕ್ಕಿದ್ರೆ ಕತ್ತು ಹಿಡಿದು ತಂದು ಇಲ್ಲೇ ಕೂರಿಸಿ, ಇಡೀ ದೋಣೀನ ಮತ್ತೆ ಅವನ ಕೈಲೇ ಪುಕ್ಕಟೆ ಮಾಡಿಸ್ಬೇಕು. ಏನಂತೀರಿ?"

"ನ್ಯಾಯ" ಎಂದರು ಅಂಚೆ ಮೇಷ್ಟ್ರು.

"ನ್ಯಾಯವೇ!" ಎಂದರು ಕ್ಷೌರದವನೂ ನರ್ಸಕ್ಕನೂ. ಅವರಿಬ್ಬರು ಒಂದು ಮಾತಿಗೆ ಒಪ್ಪಿದ್ದು ಆ ವರ್ಷದಲ್ಲಿ ಅದೇ ಮೊದಲು.

"ಅದಕ್ಕೇ ಹೇಳೋದು, ಬೆಲೆ ಅರ್ಧಕ್ಕೆ ಇಳಿಸಿ."

"ಇಳಿಸೋದಿಲ್ಲ. ಬೇಕಾದ್ರೆ ತೊಳೆದು ನೋಡಿ."

ತೊಳೆಯುವ ಮಾತು ಬಂದದ್ದೇ ತಡ, ಬೀದಿಯ ಬುದ್ಧಿಯೆಲ್ಲ ದೋಣಿಯೊಳಗೆ ಇಳಿಯಿತು. ನರ್ಸಕ್ಕ ಮನೆಯಿಂದ ಬ್ಲೀಚಿಂಗ್ ಪೌಡರ್ ತಂದಳು. ಪಾಲಿಶಣ್ಣ ಪ್ಯಾಂಟು ಮಡಚಿ ಗೂಡಿನೊಳಗೆ ಮಂಡಿಯೂರಿ ತಿಕ್ಕಿದ. ತಿಕ್ಕಿದಷ್ಟೂ ಕಪ್ಪು ಹೋಗಿ ಮರದ ಬಣ್ಣ ಬಂತು, ಆಸೆಯೂ ಹೆಚ್ಚಿತು. ಅಷ್ಟರಲ್ಲಿ ಕ್ಷೌರದವನು "ಇದಕ್ಕೆಲ್ಲ ವಿನೆಗರ್ರೇ ಮದ್ದು" ಎಂದು, ನರ್ಸಕ್ಕ ಆ ಕಡೆ ತಿರುಗಿದ್ದ ಹೊತ್ತು ನೋಡಿ, ಒಂದು ಇಡೀ ಬಾಟಲನ್ನು ಬ್ಲೀಚಿಂಗ್ ನೀರಿನ ಮೇಲೆ ಸುರಿದ.

ಗೂಡಿನಿಂದ ಎದ್ದ ಘಾಟಿಗೆ ನರ್ಸಕ್ಕ ಚೀರಿಕೊಂಡು ದಂಡೆಗೆ ಹಾರಿದಳು. ಕ್ಷೌರದವನು ಹಿಂದೆ ಹಿಂದೆ ಸರಿಯುತ್ತ ಕೂರುವ ಹಲಗೆಯ ಮೇಲೆ ಕಾಲಿಟ್ಟ. ಅದು ಲಟಕ್ಕನೆ ಮುರಿದು ಒಂದು ಕಾಲು ತೊಡೆಯವರೆಗೆ ಒಳಗೆ ಹೋಯಿತು. ಅಂಚೆ ಮೇಷ್ಟ್ರು "ಅಪಾಯ. ಹೊರಗೆ ಬನ್ನಿ" ಎಂದು ಮೂರೇ ಪದದಲ್ಲಿ ಕೂಗಿ ಮನೆಯತ್ತ ಓಡಿದರು. ಪಾಲಿಶಣ್ಣ ಮಾತ್ರ ಬ್ರಷ್ಷು ಹಿಡಿದು, "ಯಾಕ್ರೋ? ಯಾಕೆ ಎಲ್ಲಾರೂ ಓಡ್ತಿದೀರಿ? ಏನು ಬಂತು?" ಎಂದು ಕೇಳುತ್ತಲೇ ತಿಕ್ಕುತ್ತಿದ್ದ. ಕಣ್ಣಿನಿಂದ ನೀರು ಕೋಡಿ ಬಿದ್ದ ಮೇಲೆಯೇ ಅವನಿಗೂ ಏನೋ ಆಗಿದೆ ಎಂದು ತಿಳಿದದ್ದು.

ಘಾಟು ಇಳಿಯುವ ಹೊತ್ತಿಗೆ ಬಿಸಿಲೂ ಇಳಿದಿತ್ತು. ಬಾತುಕೋಳಿಯವನು ತಳ್ಳುಗಾಡಿ ತಂದು ದಂಡೆಯ ಮೇಲೆ ನಿಲ್ಲಿಸಿ, "ಆತುರ ಇಲ್ಲ, ನೀವು ಮುಗಿಸ್ಕೊಳ್ಳಿ" ಎಂದು ಅಳತೆಯ ದಾರವನ್ನು ಕೈಯಲ್ಲಿ ಸುತ್ತುತ್ತ ಕೂತ. ಅವನ ಕಣ್ಣಿಗೆ ಅಲ್ಲಿ ದೋಣಿಯೇ ಇರಲಿಲ್ಲ. ತಲೆಕೆಳಗಾದ ಛಾವಣಿಯೊಂದಿತ್ತು, ಅಷ್ಟೆ.

"ಇನ್ನೂ ಹೋಗಿಲ್ಲ" ಎಂದಳು ನರ್ಸಕ್ಕ, ದೂರದಿಂದಲೇ ಮೂಸಿ. "ನಾಯಿ ಸ್ನಾನ ಮಾಡಿ ಬಂದು ಮಲಗಿದೆ, ಅಷ್ಟೇ. ಇದರ ಬೇರು ತಳದಲ್ಲಿದೆ. ಕೆಳಗಿನ ಹಲಗೆ ಎತ್ತಿ ನೋಡು."

ಅಂಚೆ ಮೇಷ್ಟ್ರು ಒಪ್ಪಿದರು. ಪಾಲಿಶಣ್ಣ ಗೂಡಿನೊಳಗೆ ಒಬ್ಬನೇ ಬಗ್ಗಿ, ಉಳಿ ಕೊಟ್ಟು ತಳದ ಒಂದು ಹಲಗೆಯನ್ನು ಎಬ್ಬಿಸಿದ. ಮಗುಚಿದ. ಬೆಳಕಿಗೆ ಹಿಡಿದ.

ಆಮೇಲೆ ಅವನು ನಡೆದುಕೊಂಡ ರೀತಿ ಯಾರಿಗೂ ಅರ್ಥವಾಗಲಿಲ್ಲ. ಹೆಬ್ಬೆರಳಿಗೆ ಎಂಜಲು ಹಚ್ಚಿ ಹಲಗೆಯನ್ನು ಉಜ್ಜಿದ. ಅಂಗಿಯ ತುದಿಯಿಂದ ಉಜ್ಜಿದ. ಉಗುರು ಹಾಕಿ ಕೆರೆದ. ಪಕ್ಕದ ಹಲಗೆ ಎತ್ತಿ ನೋಡಿ, ಹಾವು ಕಂಡವನಂತೆ ತಟ್ಟನೆ ಮುಚ್ಚಿದ. ಎಲ್ಲವನ್ನೂ ಮೊದಲಿನ ಹಾಗೆ ಕೂರಿಸಿ, ಅವುಗಳ ಮೇಲೆ ಕಾಲು ಚಾಚಿ ಕೂತುಬಿಟ್ಟ.

"ಮೇಷ್ಟ್ರೇ, ದೋಣಿ ತಗೊಂಡೆ!"

"ಅರ್ಧ ಬೆಲೆಗಾ?"

"ಪೂರ್ತಿ ಬೆಲೆಗೆ. ನೀವು ಹೇಳಿದ್ದಕ್ಕೇ. ಇದ್ದ ಹಾಗೇ. ಈಗಲೇ!"

ಬಾತುಕೋಳಿಯವನು ದಾರ ಸುತ್ತುವುದನ್ನು ನಿಲ್ಲಿಸಿದ. ಅಂಚೆ ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಬೆಳಿಗ್ಗೆಯಿಂದ ಬೈದಿರಿ. ಈಗ ಪೂರ್ತಿ ಬೆಲೆ. ಯಾಕೆ?"

"ಮನಸು ಬಂತು."

"ತಳದಲ್ಲಿ ಏನೋ ಸಿಕ್ಕಿದೆ ಕಣ್ರೀ!" ಕ್ಷೌರದವನು ಕುಂಟುತ್ತಲೇ ಮುಂದೆ ಬಂದ. "ಹಳೇ ದೋಣಿ. ಚಿನ್ನ ಗಿನ್ನ ಬಚ್ಚಿಟ್ಟಿರಬಹುದು. ಏ ಅಣ್ಣ, ಏಳು ಮೇಲೆ!"

"ಏಳಲ್ಲ."

"ಎದ್ದೇಳಿ" ಎಂದರು ಅಂಚೆ ಮೇಷ್ಟ್ರು.

"ಕಾಲು ಜೋಮು ಹಿಡಿದಿದೆ ಮೇಷ್ಟ್ರೇ."

ಅಷ್ಟರಲ್ಲಿ ಡೈರಿಯ ಕೆಲಸ ಮುಗಿಸಿ ಹೆಂಡತಿ ಬಂದಳು. ಇಷ್ಟು ಜನ ಯಾಕೆ ಸೇರಿದ್ದಾರೆ, ಗಂಡನ ಕಣ್ಣು ಯಾಕೆ ಕೆಂಪಗಿವೆ, ಅವನು ಮೊಟ್ಟೆಗೆ ಕೂತ ಕೋಳಿಯ ಹಾಗೆ ಯಾಕೆ ಕೂತಿದ್ದಾನೆ ಎಂದು ಅವಳು ಕೇಳಲಿಲ್ಲ. ಅವಳು ಬಂದದ್ದು ಮೂಸಲು. ಗೋಡೆ ಮೂಸಿದಳು, ಛಾವಣಿ ಮೂಸಿದಳು. ಬಗ್ಗಿ ಬಗ್ಗಿ ಅವನ ಮಂಡಿಯ ಬಳಿ ಬಂದು ನಿಂತಳು.

"ಮೇಲೆಲ್ಲ ಪರವಾಗಿಲ್ಲ. ಮುಗ್ಗಲು ವಾಸನೆ ಬರ್ತಿರೋದು ನಿಮ್ಮ ಅಡಿಯಿಂದ. ರೀ, ಏಳಿ ಸ್ವಲ್ಪ."

"ಬೇಡ ಕಣೇ. ನಿಂಗೆ ಕೈ ಮುಗೀತೀನಿ."

ಮೂವತ್ತು ವರ್ಷ ಹಾಲಿನ ಕ್ಯಾನು ಎತ್ತಿದ ಕೈ ಅವಳದು. ಗಂಡನನ್ನು ಒಂದೇ ಕೈಯಲ್ಲಿ ಪಕ್ಕಕ್ಕೆ ಸರಿಸಿ ಹಲಗೆ ಎತ್ತಿದಳು. ಮೂಗಿನ ಹತ್ತಿರ ತಂದಳು. ಮೂಸುವುದನ್ನು ಮರೆತು ನೋಡುತ್ತ ನಿಂತಳು. ಆಮೇಲೆ, ಕಳೆದುಹೋದ ಮಗು ಸಿಕ್ಕಿದ ದನಿಯಲ್ಲಿ, ಹೊಳೆಯ ಆಚೆಯ ದಡಕ್ಕೂ ಕೇಳುವಂತೆ ಹೇಳಿದಳು:

"ಅಯ್ಯೋ ರೀ! ಇದು ನಿಮ್ಮ ಗುಬ್ಬಿ ಅಲ್ವೇನ್ರಿ?"

ಹೌದು, ಅವನದೇ ಗುಬ್ಬಿ. ಪಕ್ಕದ ಹಲಗೆಯಲ್ಲಿ ಇನ್ನೊಂದು, ಅದರ ಪಕ್ಕ ಮತ್ತೊಂದು. ಸಾಲಾಗಿ ಹನ್ನೊಂದು ಗುಬ್ಬಿ. ಬಹಳ ವರ್ಷದ ಹಿಂದೆ ಹೊಳೆಯಾಚೆಯ ಬಡಗಿಯೊಬ್ಬ ಗಾಡಿಯಲ್ಲಿ ಹಲಗೆಗಳ ಹೊರೆ ತಂದಿಳಿಸಿ, "ನಾಡಿದ್ದೇ ಬೇಕು" ಎಂದಿದ್ದ. ಯಾವುದೋ ಅಂಗಡಿಯ ಶೆಲ್ಫಿಗೆ ಇರಬೇಕೆಂದು ಪಾಲಿಶಣ್ಣ ಹಸಿ ಮರವೆಂದು ಗೊತ್ತಿದ್ದೂ ಎರಡೂ ಮೈಗೆ ಬಳಿದುಕೊಟ್ಟಿದ್ದ. ಮರ ಕೊಳೆತಿತ್ತು, ಬೂಷ್ಟು ಬೆಳೆದಿತ್ತು. ಗುಬ್ಬಿಗಳ ಮೇಲಿನ ವಾರ್ನಿಷ್ ಮಾತ್ರ ಕನ್ನಡಿಯಂತೆ ಗಟ್ಟಿಯಾಗಿತ್ತು. ಎಂಜಲಿಗೆಲ್ಲ ಅಳಿಯುವ ಕೆಲಸವನ್ನು ಅವನು ಮಾಡಿದವನೇ ಅಲ್ಲ.

"ಗುಬ್ಬಿ ಇರೋವರೆಗೂ..." ಎಂದು ನರ್ಸಕ್ಕ ಶುರು ಮಾಡಿದಳು.

"...ಜವಾಬ್ದಾರಿ ನಂದು" ಎಂದು ಕ್ಷೌರದವನು ಮುಗಿಸಿದ.

ಅಷ್ಟು ಹೊತ್ತೂ ಹಿಂಬಾಗಿಲಲ್ಲಿ ನಿಂತಿದ್ದ ಅಂಚೆ ಮೇಷ್ಟ್ರ ಹೆಂಡತಿ ಅಂಗಳಕ್ಕಿಳಿದಳು. ದೋಣಿ ಮನೆ ಬಿಡಬೇಕು, ಇಲ್ಲ ತಾನು ಬಿಡಬೇಕು ಎಂದು ಹಟ ಹಿಡಿದವಳು ಅವಳೇ. "ಬೂಷ್ಟು ಪುಕ್ಕಟೆ ಹೋಗೋದಾದ್ರೆ ಮಾರೋದ್ಯಾಕ್ರಿ? ನನಗೂ ಒಂದು ದಿನ ಹೊಳೆ ಮೇಲೆ ಹೋಗ್ಬೇಕು ಅಂತ ಆಸೆ ಇಲ್ವಾ?"

ಅಂಚೆ ಮೇಷ್ಟ್ರು ತಮ್ಮ ಹಳೆಯ ದೋಣಿಯನ್ನು ಹೊಸದೆಂಬಂತೆ ನೋಡಿ, ಗಂಟಲು ಸರಿಮಾಡಿಕೊಂಡರು. "ದೋಣಿ ಮಾರೋದಿಲ್ಲ. ಕೆಲಸ ನಾಳೆಯಿಂದ. ಮುರಿದ ಹಲಗೆಯೂ ಸೇರಿ."

ಬಾತುಕೋಳಿಯವನು ಬೇಸರದಿಂದ ಖಾಲಿ ಗಾಡಿ ತಿರುಗಿಸಿದ. ಕ್ಷೌರದವನೂ ನರ್ಸಕ್ಕನೂ ಏನೋ ನೆನಪಾದವರಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮನೆಯತ್ತ ದಾಪುಗಾಲು ಹಾಕಿದರು.

ಗಂಡ ಹೆಂಡತಿ ಹಿಂದಿನಿಂದ ನಿಧಾನವಾಗಿ ನಡೆದರು. ಸ್ವಲ್ಪ ದೂರ ಹೋದ ಮೇಲೆ ಅವಳು ಅವನ ಅಂಗಿಯ ತೋಳಿಗಂಟಿದ್ದ ಬೂಷ್ಟನ್ನು ಕೊಡವಿದಳು.

"ಹೋಗ್ಲಿ ಬಿಡಿ. ನೀವು ಕೇಳಿದ್ದು ದೋಣೀಲಿ ಸುಮ್ನೆ ಕೂರ್ಬೇಕು ಅಂತ ತಾನೆ? ಇನ್ನೊಂದು ತಿಂಗಳು ಅಲ್ಲೇ ಕೂತಿರ್ತೀರಲ್ಲ. ಮಧ್ಯಾಹ್ನ ಊಟ ನಾನೇ ತಂದ್ಕೊಡ್ತೀನಿ."

"ದಂಡೆ ಮೇಲೆ ಕಣೇ."

"ನೀರಲ್ಲಾದ್ರೆ ನಿಮಗೆ ಈಜೋಕೆ ಬರುತ್ತಾ?"

ಅವನಿಗೆ ನಗು ಬಂತು. ಇಬ್ಬರೂ ತಮ್ಮ ಬೀದಿಯ ತಿರುವಿಗೆ ಬಂದರು. ಅಲ್ಲಿ ಎಂದಿನಂತಲ್ಲದ ಒಂದು ಸದ್ದು. ಮೊದಲನೆಯ ಮನೆಯಲ್ಲಿ ಮಂಚ ಎಳೆಯುತ್ತಿದ್ದರು. ಎರಡನೆಯದರಲ್ಲಿ ಮೇಜು ಧಡಾರನೆ ಮಗುಚಿತು. ನರ್ಸಕ್ಕನ ಮನೆಯಿಂದ "ಟಾರ್ಚ್ ಎಲ್ಲಿ, ಟಾರ್ಚ್?" ಎಂಬ ಕೂಗು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕುರ್ಚಿ, ಬೆಂಚು, ಬೀರುಗಳು ಒಂದರ ಹಿಂದೊಂದು ಕಾಲು ಮೇಲಾಗುತ್ತಿದ್ದವು. ಎಲ್ಲಕ್ಕೂ ಮೇಲೆ, ಅಂಗಡಿಯೊಳಗಿಂದ, ಕ್ಷೌರದವನ ಹರ್ಷದ ದನಿ:

"ಇಲ್ಲೊಂದಿದೆ! ರೆಕ್ಕೆ ಕೂಡ ಮಾಸಿಲ್ಲ!"

ಟರ್ಪೆಂಟೈನು ಮೂಗಿನ ಜೊತೆಗೆ ತನ್ನ ಕಿವಿಯನ್ನೂ ತೆಗೆದುಕೊಂಡು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡ ಪಾಲಿಶಣ್ಣ.