ಚಿಕ್ಕಜ್ಜಿಯ ಕೈ, ನನ್ನ ಕಾಲಿನ ಪಟ್ಟಿ

ತನು, ಯಶು, ಇಬ್ಬರೂ ಕೇಳಿ. ನಿಮ್ಮ ಚಿಕ್ಕಜ್ಜಿಯ ಬಾಯಿ ಮುಚ್ಚಿಸಬೇಕಾದರೆ ಅವಳ ಬಾಯಿಯ ತಂಟೆಗೇ ಹೋಗಬೇಕಾಗಿಲ್ಲ. ಎರಡು ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು! ಮಾತು ತಾನಾಗಿ ನಿಂತುಹೋಗುತ್ತೆ. ನಿಮ್ಮ ತಾತ ಚಿಕ್ಕಂದಿನಲ್ಲಿ ಈ ತಂಗಿಗೆ ಹಾಗೇ ಮಾಡುತ್ತಿದ್ದರಂತೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಈ ಉಪಾಯವನ್ನು ಗುಟ್ಟಾಗಿ ಹೇಳಿಕೊಟ್ಟರು. ಆದರೆ ಹಿಡಿಯುವ ಧೈರ್ಯ ನನಗೆಲ್ಲಿ ಬರಬೇಕು? ಕೊತ್ತಂಬರಿ ಸೊಪ್ಪು ಕೇಳಿದರೆ ಅಂಗಡಿಯವನು ಮೆಂತ್ಯ ಕಟ್ಟಿಕೊಟ್ಟರೂ ಸುಮ್ಮನೆ ತಂದು ಅದನ್ನೇ ಸಾರಿಗೆ ಹಾಕುವವಳು ನಾನು.

ಅವಳಿಗೆ ಕೈ ಇಲ್ಲದೆ ಮಾತಿಲ್ಲ. ಬದನೆಕಾಯಿ ಎಷ್ಟು ದಪ್ಪ ಅಂತ ಹೇಳಲು ಕೈ, ಬೀಗಿತ್ತಿ ಹೇಗೆ ಮುಖ ತಿರುಗಿಸಿದಳು ಅಂತ ಹೇಳಲು ಕೈ. ಫೋನಿನಲ್ಲೂ ಕೈ! ಆ ಕಡೆ ಇರುವವರಿಗೆ ಕಾಣುತ್ತಾ?

ತನು, ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿ ಮೊದಲ ಸಂಬಳ ಬಂದಾಗ ನೀನು ನನಗೂ ಚಿಕ್ಕಜ್ಜಿಗೂ ಒಂದೊಂದು ಪಟ್ಟಿ ತಂದೆ, ಕೈಗೆ ಕಟ್ಟಿಕೊಳ್ಳುವಂಥದು. ನನಗೆ ಸಕ್ಕರೆ ಕಾಯಿಲೆ, ದಿನಾ ನಡೆಯಬೇಕು ಅಂತ ಡಾಕ್ಟರು ಹೇಳಿದ್ದರು. ಪಟ್ಟಿಯೊಳಗೆ ಅಲುಗಾಟ ಕಂಡುಹಿಡಿಯುವ ಒಂದು ಚೂರು ಇದೆ, ಎಷ್ಟು ಅಲುಗಿದಿರಿ ಅನ್ನುವುದರ ಮೇಲೆ ಮೈ ಎಷ್ಟು ಕ್ಯಾಲೊರಿ ಸುಟ್ಟಿತು ಅಂತ ಅಂದಾಜು ಹೇಳುತ್ತೆ ಅಂದೆ. ನಾನು ಜೋರಾಗಿ ತಲೆ ಆಡಿಸಿದೆ. ಅರ್ಥವಾಗದಾಗ ನಾನು ತಲೆ ಆಡಿಸುವುದು ಜಾಸ್ತಿ.

ಚಿಕ್ಕಜ್ಜಿಗೆ ಮಾತ್ರ ಒಂದೇ ಏಟಿಗೆ ತಿಳಿಯಿತು. "ಅಂದ್ರೆ ಮೈಯೊಳಗಿನ ಸೌದೆ ಎಷ್ಟು ಉರೀತು ಅಂತ ಹೇಳುತ್ತೆ. ಅಷ್ಟೇ ತಾನೆ?"

ಅವತ್ತಿನಿಂದ ನಮ್ಮಿಬ್ಬರ ನಡುವೆ ಕ್ಯಾಲೊರಿಗೆ ಸೌದೆ ಅಂತಲೇ ಹೆಸರು.

ನಾನೂ ಪಟ್ಟಿ ಕಟ್ಟಿಕೊಂಡೆ. ಆದರೆ ಕೈಗಲ್ಲ. ನಿಮ್ಮ ತಾತ ಹೋದ ದಿನ ಬಳೆ ತೆಗೆದ ಕೈ ಅದು, ಆಮೇಲೆ ಏನನ್ನೂ ಹಾಕಿರಲಿಲ್ಲ. ಈಗ ಯಾರೂ ಏನೂ ಅನ್ನಲ್ಲ ಅಂತ ನಿಮ್ಮಮ್ಮ ಹೇಳುತ್ತಾಳೆ. ಅನ್ನದಿದ್ದರೂ ನೋಡುತ್ತಾರಲ್ಲ! ಅದಕ್ಕೆ ಎಡಗಾಲಿಗೆ ಸುತ್ತಿ, ಕೊನೇ ತೂತಿಗೆ ಸಿಕ್ಕಿಸಿ, ಮೇಲೆ ಸೀರೆ ಇಳಿಬಿಟ್ಟೆ. ಎಷ್ಟಾಯಿತು ಅಂತ ನೋಡಬೇಕಾದರೆ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ನಾನು ಹೀಗೆ ಗಳಿಗೆಗೊಂದು ಸಲ ಬಚ್ಚಲಿಗೆ ಓಡುವುದು ಕಂಡು ನಿಮ್ಮಪ್ಪ ಸಕ್ಕರೆ ಏರಿಬಿಟ್ಟಿದೆ ಅಂತ ಗಾಬರಿಯಾಗಿ ರಕ್ತ ಪರೀಕ್ಷೆ ಮಾಡಿಸಿದ!

ಸಂಜೆ ನಮ್ಮ ಮನೆ ಜಗಲಿಯಲ್ಲಿ ಇಬ್ಬರ ಸೌದೆಯ ಲೆಕ್ಕ. ನನ್ನದನ್ನು ಬಚ್ಚಲಲ್ಲಿ ನೋಡಿ ಬಂದು ಬಾಯಲ್ಲಿ ಹೇಳುತ್ತಿದ್ದೆ, ಪಟ್ಟಿ ಎಲ್ಲಿದೆ ಅಂತ ಅವಳಿಗೂ ಗೊತ್ತಿರಲಿಲ್ಲ. ನಾನು ಹುಲ್ಲಿನ ಹೊರೆ ಹೊತ್ತು ತಂದು, ಹತ್ತು ಜನರಿಗೆ ಮುದ್ದೆ ತಿರುವಿ ಬೆವರು ಒರೆಸಿಕೊಳ್ಳುತ್ತಾ ಕೂತಿರುತ್ತಿದ್ದೆ. ಅವಳು ಬೆಳಗಿನಿಂದ ಜಗಲಿ ಬಿಟ್ಟು ಎದ್ದಿರುತ್ತಿರಲಿಲ್ಲ, ಮಾತಾಡಿದ್ದಳು, ಅಷ್ಟೇ. ಆದರೂ ಅವಳ ಸೌದೆ ನನ್ನದರ ಎರಡರಷ್ಟು! ಮುದ್ದೆ ತಿರುವಿದ್ದು ನನ್ನ ಕೈ, ಪಟ್ಟಿ ಇದ್ದದ್ದು ಕಾಲಲ್ಲಿ. ಅದಕ್ಕೆ ಹೇಗೆ ಗೊತ್ತಾಗಬೇಕು?

ಗೆದ್ದವಳಿಗೇ ಸಿಟ್ಟು ಬಂತು. "ಹೊರೆ ಹೊತ್ಕೊಂಡ್ ಬಂದೋಳಿಗೂ ಬರಿತಲೇಲಿ ಬಂದೋಳಿಗೂ ಒಂದೇ ಲೆಕ್ಕ ಕೊಡುತ್ತಲ್ಲ ಅತ್ತಿಗೆ, ಇದ್ಯಾವ ಸೀಮೆ ಮಿಷನ್ನು? ತಡಿ, ತಲೆ ಮೇಲಕ್ಕೆ ಬೇರೆ ಒಂದು ತರಕ್ಕೆ ಹೇಳ್ತೀನಿ ತನೂಗೆ!" ಅಂತ ನನ್ನ ಪರವಾಗಿ ಎರಡೂ ಕೈ ಬೀಸಿ ಬೀಸಿ ಬೈದಳು. ಬೈದು ಮುಗಿಸುವಷ್ಟರಲ್ಲಿ ಅವಳ ಪಟ್ಟಿ ಝುಂ ಅಂತ ನಡುಗಿ, ಇವತ್ತಿನ ಗುರಿ ಮುಟ್ಟಿದಿರಿ ಅಂತ ಶಹಭಾಸ್ ಹೇಳಿತು.

ಇನ್ನು ನಡೆಯುವ ಕತೆ. ಕೆಲಸವಿಲ್ಲದೆ ರಸ್ತೆಯಲ್ಲಿ ನಡೆಯುವುದು ಹೇಗೆ ಹೇಳಿ? "ಎಲ್ಲಿಗಕ್ಕಾ?" ಅಂತ ಕೇಳಿದರೆ ಏನನ್ನಬೇಕು? ಅದಕ್ಕೆ ಕೈಯಲ್ಲಿ ಒಂದು ಖಾಲಿ ಚೀಲ ಹಿಡಿದು ಹೋಗುತ್ತಿದ್ದೆ. "ಈರುಳ್ಳಿಗೆ" ಅನ್ನುತ್ತಿದ್ದೆ. ಅಂದ ಮೇಲೆ ತರದೆ ಬರಲಾಗುತ್ತಾ? ಆ ತಿಂಗಳು ನಮ್ಮ ಮನೆಯಲ್ಲಿ ಈರುಳ್ಳಿ ಮೊಳಕೆ ಬಂದು ಗಿಡವಾದದ್ದಕ್ಕೆ ನಿಮ್ಮಮ್ಮ ಅಂಗಡಿಯವನನ್ನೂ ಬೈಯುವಂತಿರಲಿಲ್ಲ, ಅತ್ತೆ ಅಂತ ನನ್ನನ್ನೂ ಬೈಯುವಂತಿರಲಿಲ್ಲ.

ಒಂದು ದಿನ ಚಿಕ್ಕಜ್ಜಿಯೂ ಜೊತೆಗೆ ಬಂದಳು. ಹೆದ್ದಾರಿಯ ಪಕ್ಕ ನಿಂತು ಅರಿಶಿನಕುಂಟೆಯ ಯಾವುದೋ ಮದುವೆಯ ಊಟ ಹೇಗಿತ್ತು ಅಂತ ಕೈ ಚಾಚಿ ವರ್ಣಿಸುತ್ತಿದ್ದಳು. ಬಸ್ಸು ಬಂದು ಕರ್ರೆಂದು ನಿಂತೇಬಿಟ್ಟಿತು!

"ಹತ್ರಮ್ಮಾ ಬೇಗ," ಅಂದ ಕಂಡಕ್ಟರು.

"ನಿನ್ನನ್ನ ಯಾರಪ್ಪಾ ಕರೆದ್ರು? ನಾವು ಮಾತಾಡ್ತಿದ್ವಿ!"

"ಮಾತಾಡೋಕೆ ಅಷ್ಟುದ್ದ ಕೈ ಯಾಕಮ್ಮಾ?"

ಅವಳು ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡಳು. ನಾನು? ನಮಗೋಸ್ಕರ ಅಷ್ಟು ದೊಡ್ಡ ಬಸ್ಸು ನಿಂತಿದೆಯಲ್ಲ ಅಂತ ಸಂಕೋಚವಾಗಿ ಹತ್ತಿ ಕೂತುಬಿಟ್ಟೆ! ಹೆಂಗಸರಿಗೆ ಟಿಕೆಟ್ಟು ಬಿಟ್ಟಿ, ಪುಣ್ಯ. ಅವಳು ಕೂಗುತ್ತಾ ಹಿಂದೆಯೇ ಹತ್ತಿದಳು. ನೆಲಮಂಗಲಕ್ಕೆ ಹೋಗಿ, ಏನೂ ಕೆಲಸವಿಲ್ಲದೆ, ಮತ್ತೆ ಈರುಳ್ಳಿ ತಂದೆವು.

ನನ್ನ ಗುಟ್ಟು ಬಯಲಾದದ್ದು ಹಾಲಿನ ಡೈರಿಯಲ್ಲಿ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದೆ. ಸೀರೆಯೊಳಗೆ ಕಾಲ ಹತ್ತಿರ ಏನೋ ಝುಂ ಅಂತ ಹರಿದ ಹಾಗಾಯಿತು. "ಅಯ್ಯೋ, ಚೇಳು!" ಅಂತ ಕಿರುಚಿಬಿಟ್ಟೆ. ಇಡೀ ಸಾಲು ಚೆಲ್ಲಾಪಿಲ್ಲಿ. ನನ್ನ ಜೀವಮಾನದಲ್ಲಿ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು, ಅದೂ ಸುಳ್ಳು! ಎಲ್ಲರಿಗಿಂತ ಮೊದಲು ಓಡಿದವಳು ನಿಮ್ಮ ಚಿಕ್ಕಜ್ಜಿ. ಹಾಗೆಯೇ ಎಲ್ಲರಿಗಿಂತ ಮೊದಲು ತಿರುಗಿ ಬಂದವಳೂ ಅವಳೇ. ಬಂದು ನನ್ನ ಸೀರೆಯ ಅಂಚು ಎತ್ತಿ ನೋಡಿದಳು. ಚೇಳಿನ ಜಾಗದಲ್ಲಿ ಪಟ್ಟಿ, ಮೊದಲ ಸಲ ಗುರಿ ಮುಟ್ಟಿದ್ದಕ್ಕೆ ನನಗೆ ಶಹಭಾಸ್ ಹೇಳುತ್ತಾ ಕೂತಿತ್ತು.

ಊರೆಲ್ಲಾ ನಕ್ಕಿತು. ಅವಳು ನಗಲಿಲ್ಲ. ಕೈಗೆ ಯಾಕೆ ಹಾಕಿಕೊಂಡಿಲ್ಲ ಅಂತ ಕೇಳಲೂ ಇಲ್ಲ. ನನ್ನ ಬರಿ ಮಣಿಕಟ್ಟನ್ನು ನೋಡಿದಳು. ಅವಳ ಎರಡೂ ಕೈಗಳು ಸುಮ್ಮನಿದ್ದದ್ದನ್ನು ನಾನು ಅವತ್ತೇ ಕಂಡದ್ದು.

ಎರಡನೆಯ ಸಲ ಹಾಗೆ ಕಂಡದ್ದು ಅವಳಿಗೆ ಲಕ್ವಾ ಹೊಡೆದಾಗ.

ಆಸ್ಪತ್ರೆಯಿಂದ ಮನೆಗೆ ಬಂದಳು. ಬಲಗೈ ಮಂಚದ ಮೇಲೆ, ಒಗೆದು ಹಾಕಿದ ಬಟ್ಟೆಯ ಹಾಗೆ ಬಿದ್ದಿತ್ತು. ಬಾಯಿಗೆ ಏನೂ ಆಗಿಲ್ಲ, ದಿನಾ ವ್ಯಾಯಾಮ ಮಾಡಿಸಿದರೆ ಕೈಯೂ ಬರಬಹುದು ಅಂದರು ಡಾಕ್ಟರು. ಅವಳು ಕೈ ಎತ್ತಲೂ ಇಲ್ಲ, ಬಾಯಿ ಬಿಡಲೂ ಇಲ್ಲ. ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಹುಡುಗಿ "ಒಂದೇ ಒಂದ್ಸಲ ಎತ್ತಿ ಅಜ್ಜಿ" ಅಂತ ಗೋಗರೆದರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ನಾನು ದಿನಾ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಬರೀ ಕೂರುತ್ತಿದ್ದೆ. ಜೀವಮಾನವಿಡೀ ಅವಳ ಮಾತು ಕೇಳಿಸಿಕೊಂಡವಳಿಗೆ ಮಾತು ಶುರು ಮಾಡುವುದು ಎಲ್ಲಿ ಬರುತ್ತೆ?

ಒಂದು ಬೆಳಗ್ಗೆ ಅವಳ ಪಟ್ಟಿಯನ್ನು ಹುಡುಕಿ ತಂದು ಆ ಕೈಗೆ ಕಟ್ಟಿದೆ. "ಸೌದೆ ಉರಿಯುತ್ತಾ ನೋಡಾಣ ಕಣೆ," ಅಂದೆ.

ಗೋಡೆ ಬಿಟ್ಟು ನನ್ನ ಕಡೆ ನೋಡಿದಳು. "ನಿಂದೆಲ್ಲಿ?"

"ಕಾಲಲ್ಲಿ."

"ನಿನ್ನ ಕೈಗೆ ಹಾಕ್ಕೊ. ಆಮೇಲೆ ನನ್ನ ಕೈಗೆ ಹೇಳು ಅತ್ತಿಗೆ."

ಮಕ್ಕಳೇ, ಕಾಲಿನಿಂದ ಬಿಚ್ಚಿದೆ. ಕೈಗೆ ಸುತ್ತಿದೆ. ಒಂದೇ ಕೈಯಲ್ಲಿ ಸಿಕ್ಕಿಸಲು ಬರಲಿಲ್ಲ. ಅವಳು ಎಡಗೈ ಚಾಚಿ ಪಟ್ಟಿಯ ತುದಿ ಹಿಡಿದುಕೊಂಡಳು. ಇಬ್ಬರೂ ಸೇರಿ ಹೇಗೋ ಸಿಕ್ಕಿಸಿದೆವು.

"ಈಗ ನಿನ್ನ ಸರದಿ," ಅಂದೆ.

ಅವಳ ಬಲಗೈಯ ಹೆಬ್ಬೆರಳು ಚೂರು ಅಲುಗಿತು. ಪಟ್ಟಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು.

ಈಗ ದಿನಾ ಬೆಳಗ್ಗೆ ಪಟ್ಟಿ ಕೈಗೆ ಕಟ್ಟಿಕೊಂಡು, ಚೀಲವಿಲ್ಲದೆ, ಅವಳ ಮನೆಗೆ ನಡೆದು ಹೋಗುತ್ತೀನಿ. "ಎಲ್ಲಿಗಕ್ಕಾ?" ಅಂದರೆ "ಅವಳ ಕೈ ಎತ್ಸೋಕೆ" ಅನ್ನುತ್ತೀನಿ. ಹುಡುಗಿ ಹೇಳಿಕೊಟ್ಟ ವ್ಯಾಯಾಮಕ್ಕೆ ಅವಳು ಇನ್ನೂ ಸೋಮಾರಿ. ಆದರೆ ಹಳೆಯ ಕತೆಯನ್ನು ನಾನು ತಪ್ಪಾಗಿ ಹೇಳಿದರೆ ಸಾಕು, ಸಿಟ್ಟು ಬಂದು ಕೈ ಎದೆಯವರೆಗೂ ಏಳುತ್ತೆ! ಅದಕ್ಕೆ ಇಲ್ಲೂ ಒಂದೆರಡು ಕಡೆ ಬೇಕಂತಲೇ ತಪ್ಪು ಬರೆದಿದ್ದೀನಿ. ಚೇಳು ಅಂದಾಗ ಮೊದಲು ಓಡಿದವಳು ಅವಳಲ್ಲ.

ಮುಂದಿನ ಸಲ ಬಂದಾಗ ಈ ಕೊನೇ ಮಾತು ಬಿಟ್ಟು ಮಿಕ್ಕದ್ದನ್ನು ಅವಳ ಬಲಗಡೆ ಕೂತು ಗಟ್ಟಿಯಾಗಿ ಓದಿ. ಕಿತ್ತುಕೊಳ್ಳಲು ಕೈ ಚಾಚಿದರೆ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಯಿರಿ. ಹಾಳೆ ಮಾತ್ರ ಹರಿಯಲು ಬಿಡಬೇಡಿ, ಜೋಪಾನವಾಗಿ ಇಟ್ಟುಕೊಳ್ಳಿ. ಮಾರನೆಯ ದಿನವೂ ಅವಳಿಗೆ ಸಿಟ್ಟು ಬರಿಸಬೇಕು.