ಫೋನಿನೊಳಗಿನ ಸಂಕಷ್ಟಿ ಚಂದ್ರ

ನಾನು ಓದಿದ್ದು ತುಮಕೂರಿನ ಒಂದು ಕಾನ್ವೆಂಟಿನಲ್ಲಿ. ಅಲ್ಲಿನ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷು ಮದುವೆಯಾದ ಮೇಲೆ ಮುಕ್ಕಾಲು ಪಾಲು ಮರೆತುಹೋಯಿತು. ಕಸೂತಿಯಂತೂ ಪೂರ್ತಿ ಮರೆತುಹೋಯಿತು. ಮರೆಯದೆ ಉಳಿದದ್ದು ಪಾಪಭೀತಿಯೊಂದೇ. ಇದರಲ್ಲಿ ಒಂದು ಅನ್ಯಾಯವಿದೆ. ಪಾಪಭೀತಿಯನ್ನು ಅವರು ಎಲ್ಲ ಹುಡುಗಿಯರಿಗೂ ಸಮನಾಗಿ ಹಂಚಿದರು. ಅದನ್ನು ಇಳಿಸಿಕೊಳ್ಳಲು ಚರ್ಚಿನ ಮೂಲೆಯಲ್ಲಿದ್ದ ಮರದ ಗೂಡನ್ನು ಮಾತ್ರ ಕ್ರಿಶ್ಚಿಯನ್ ಹುಡುಗಿಯರಿಗೆ ಬಿಟ್ಟುಕೊಟ್ಟರು. ಅವರು ಶನಿವಾರ ಒಳಗೆ ಹೋಗಿ, ಪಾದ್ರಿಯ ಕಿವಿಯಲ್ಲಿ ಎಲ್ಲ ಸುರಿದು, ಹತ್ತಿಯ ಹಾಗೆ ಹಗುರಾಗಿ ಹೊರಬರುತ್ತಿದ್ದರು. ನಾನು ಏಳನೇ ಕ್ಲಾಸಿನಲ್ಲಿ ಪಕ್ಕದವಳ ಡಬ್ಬಿಯಿಂದ ಕದ್ದು ತಿಂದ ನೆಲ್ಲಿಕಾಯಿಯ ಭಾರವನ್ನು ಇವತ್ತಿಗೂ ಹೊತ್ತುಕೊಂಡಿದ್ದೇನೆ. ಇಂಥವಳ ಕೈಗೆ ಕ್ಯಾಮೆರಾ ಇರುವ ಫೋನು ಕೊಡಬಾರದಿತ್ತು.

ಕೊಟ್ಟವರು ನಮ್ಮವರೇ. ಬ್ಯಾಂಕಿನ ಕೆಲಸ, ಆಗ ವಿಶಾಖಪಟ್ಟಣಕ್ಕೆ ವರ್ಗವಾಗಿ ಗಾಜುವಾಕದಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಅವರಿಗೆ ಹೊಸ ಫೋನು ಬಂದಾಗ ಹಳೆಯದು ನನ್ನ ಪಾಲಿಗೆ ಬಂತು. ಹೆಂಗಸರ ಪಾಲಿಗೆ ಫೋನು ಬರುವುದು ಹಾಗೆಯೇ ತಾನೆ. ಬೆನ್ನ ಮೇಲೆ ಬೇಳೆಕಾಳಿನಷ್ಟು ದೊಡ್ಡ ಒಂದು ಕಣ್ಣಿತ್ತು. ಆ ಕಣ್ಣಿನಿಂದ ಮೊದಲು ಸಾರಿನ ಪಾತ್ರೆ, ಆಮೇಲೆ ತುಳಸಿ ಗಿಡ, ಆಮೇಲೆ ಪೇಪರ್ ಓದುತ್ತಿರುವ ನಮ್ಮವರ ಬೋಳುತಲೆ, ಹೀಗೆ ಒಂದೊಂದೇ ತೆಗೆಯುತ್ತಾ ಹೋದೆ. ಒಂದು ಹುಣ್ಣಿಮೆಯ ಸಂಜೆ ಬೀಚಿಗೆ ಹೋಗಿದ್ದೆವು. ಸಮುದ್ರದೊಳಗಿಂದ ಚಂದ್ರ ಎದ್ದು ಬಂದ, ತಾಮ್ರದ ಕೊಳಗವನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ಆಗಷ್ಟೇ ಎತ್ತಿಟ್ಟ ಹಾಗೆ. ನೀರಿನ ಮೇಲೆ ನನ್ನ ಕಾಲ ಬುಡದವರೆಗೂ ಬೆಳಕಿನ ದಾರಿ ಹಾಸಿತ್ತು. ಎದೆ ತುಂಬಿ ಬಂದು ಗುಂಡಿ ಒತ್ತಿದೆ. ನೋಡಿದರೆ ಫೋನಿನ ತುಂಬ ಕಪ್ಪು. ನಡುವೆ ಒಂದೇ ಒಂದು ಬಿಳಿ ಚುಕ್ಕೆ. ನಮ್ಮವರು ಅತ್ತಿತ್ತ ತಿರುಗಿಸಿ ನೋಡಿ, "ಕರೀ ಸೀರೆ ಮೇಲೆ ಸಬ್ಬಕ್ಕಿ ಬಿದ್ದಿದೆ" ಎಂದರು.

ಅಂದಿನಿಂದ ನನಗೆ ಛಲ ಹುಟ್ಟಿತು. ಫೋನಿನಲ್ಲಿ 'ನೈಟ್ ಮೋಡ್' ಎಂಬ ಒಂದು ವ್ಯವಸ್ಥೆಯಿತ್ತು. ಅದನ್ನು ಹಾಕಿದರೆ ಕ್ಯಾಮೆರಾ ಸಾವಧಾನವಾಗಿ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅಷ್ಟು ಹೊತ್ತು ತೆಗೆಯುವವರು ಅಲುಗಬಾರದು. ನನ್ನ ಕೈ ಅಲುಗಿ ಚಂದ್ರ ಒಮ್ಮೆ ಜಿಲೇಬಿಯಾದ, ಒಮ್ಮೆ ಕೋಡುಬಳೆಯಾದ. ಉಪ್ಪಿನಕಾಯಿ ಜಾಡಿಯನ್ನು ಬೀಚಿಗೇ ಹೊತ್ತೊಯ್ದು ಅದಕ್ಕೆ ಫೋನನ್ನು ಒರಗಿಸಿ ಉಸಿರು ಬಿಗಿಹಿಡಿದ ದಿನ ಮಾತ್ರ ಗುಂಡಗೆ, ಬೆಳ್ಳಗೆ ಬಂದ. ಆಮೇಲೆ ಗೊತ್ತಾಯಿತು, ಯಾವ ದಿನ ತೆಗೆದರೂ ಹಾಗೆಯೇ ಬರುತ್ತಾನೆ ಎಂದು. ಬೆಳಕು ಹೆಚ್ಚಾಗಿ ಅಂಚೆಲ್ಲ ಹರಡಿಕೊಂಡು ಅರ್ಧಚಂದ್ರನೂ ತುಂಬಿಕೊಳ್ಳುತ್ತಿದ್ದ. ನನ್ನ ಫೋನಿನ ಪಂಚಾಂಗದಲ್ಲಿ ಎಲ್ಲ ತಿಥಿಯೂ ಹುಣ್ಣಿಮೆಯೇ.

ಇಷ್ಟರಲ್ಲಿ ವಿಜಯವಾಡಕ್ಕೆ ವರ್ಗವಾಯಿತು. ಬೆಂಜ್ ಸರ್ಕಲ್ಲಿನ ಹತ್ತಿರ ಮೂರನೇ ಮಹಡಿಯಲ್ಲಿ ಫ್ಲಾಟು, ಲಿಫ್ಟಿಲ್ಲ. ಮುಂದುಗಡೆ ಒಂದು ಶೋರೂಮಿನ ಗೋಡೆ. ಹಿಂದುಗಡೆ ಪಶ್ಚಿಮಕ್ಕೆ ಬಾಲ್ಕನಿ, ಅಲ್ಲಿಂದ ದೂರದಲ್ಲಿ ಇಂದ್ರಕೀಲಾದ್ರಿ ಬೆಟ್ಟದ ಗುಡಿಯ ದೀಪಗಳು ಮಿಣಮಿಣ ಎನ್ನುತ್ತಿದ್ದವು. ಚಂದ್ರ ಹುಟ್ಟುವುದನ್ನು ನೋಡಬೇಕೆಂದರೆ ಮತ್ತೆರಡು ಮಹಡಿ ಹತ್ತಿ ಟೆರೇಸಿಗೇ ಹೋಗಬೇಕು. ವಿಶಾಖಪಟ್ಟಣದಲ್ಲಿ ಬೇಕಾದಷ್ಟು ಚಂದ್ರನಿದ್ದ, ಅವನಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಇಲ್ಲಿ ಚಂದ್ರ ಅಪರೂಪವಾದ, ಆಗಲೇ ಅವನು ಬೇಕಾದವರು ಬಂದರು. ತುಮಕೂರಿನಿಂದ ನಮ್ಮತ್ತೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದು ನಮ್ಮಲ್ಲೇ ಉಳಿದರು.

ನಮ್ಮತ್ತೆ ನಲವತ್ತು ವರ್ಷದಿಂದ ಸಂಕಷ್ಟಿ ಮಾಡುವವರು. ಹುಣ್ಣಿಮೆ ಕಳೆದು ನಾಲ್ಕನೇ ದಿನ, ಬೆಳಗಿನಿಂದ ಉಪವಾಸವಿದ್ದು ರಾತ್ರಿ ಗಣಪತಿ ಪೂಜೆ ಮಾಡಿ, ಚಂದ್ರನನ್ನು ನೋಡಿ, ಅರ್ಘ್ಯ ಬಿಟ್ಟು ಆಮೇಲೆ ಊಟ. ಉಳಿದವರಾದರೆ ಹಾಲು ಹಣ್ಣು ಎಂದು ದಿನ ತಳ್ಳುತ್ತಾರೆ. ಇವರದು ಬರೀ ನೀರು. ಜೊತೆಗೆ ಸಕ್ಕರೆ ಕಾಯಿಲೆ. ಡಾಕ್ಟರು ಹೊಟ್ಟೆ ಖಾಲಿ ಬಿಡಬೇಡಿ ಎಂದಿದ್ದರು. ಅತ್ತೆ, ಅವರು ಕಣ್ಣಿನ ಡಾಕ್ಟರು, ಹೊಟ್ಟೆಯ ವಿಷಯ ಅವರಿಗೇನು ಗೊತ್ತು ಎಂದುಬಿಟ್ಟರು. ಮಂಡಿನೋವಿನಿಂದ ಟೆರೇಸು ಹತ್ತಲಾರರು. ಕ್ಯಾಲೆಂಡರಿನಲ್ಲಿ ಚಂದ್ರೋದಯದ ಹೊತ್ತು ಅಚ್ಚಾಗಿದೆಯಲ್ಲ, ಅದನ್ನು ನೋಡಿ ಊಟ ಮಾಡು ಎಂದು ಮಗ ಹೇಳಿದರೆ, ಅದು ಬೆಂಗಳೂರಿನ ಹೊತ್ತು, ಇಲ್ಲಿ ಚಂದ್ರ ಹತ್ತು ಹನ್ನೆರಡು ನಿಮಿಷ ಮುಂಚೆಯೇ ಬರುತ್ತಾನೆ ಎಂದು ಅವರೇ ಪಾಠ ಹೇಳಿದರು. ಮಗ ಟೆರೇಸಿಗೆ ಹೋಗಿ ನೋಡಿಬಂದು ಹೇಳಿದರೂ ನಂಬುವವರಲ್ಲ. ನಮ್ಮವರು ಹೈಸ್ಕೂಲಿನಲ್ಲಿದ್ದಾಗ ಕಡುಬಿನ ಆಸೆಗೆ ಅಂಗಳದಿಂದ "ಬಂತು, ಬಂತು" ಎಂದು ಕೂಗಿ, ಆಮೇಲೆ ನೋಡಿದರೆ ಆಕಾಶವೆಲ್ಲ ಮೋಡವಿತ್ತಂತೆ. ಅವತ್ತಿನಿಂದ ಚಂದ್ರನ ವಿಷಯದಲ್ಲಿ ಅವರ ಸಾಕ್ಷಿ ನಡೆಯುವುದಿಲ್ಲ.

ಮೊದಲನೇ ಸಂಕಷ್ಟಿಯ ದಿನ ನಾನು ಟೆರೇಸಿನಿಂದ ತೆಗೆದ ಫೋಟೊವನ್ನು ಸುಮ್ಮನೆ ತಮಾಷೆಗೆಂದು ತೋರಿಸಿದೆ. ಅತ್ತೆ ಫೋನನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು, ಸೆರಗಿನಿಂದ ಗಾಜು ಒರೆಸಿದರು. ನೀರಿನಲ್ಲಿ ಬಿದ್ದ ನೆರಳನ್ನು ನೋಡಿದರೆ ಆಗುತ್ತದೆ ಎಂದಮೇಲೆ ಗಾಜಿನಲ್ಲಿ ಬಿದ್ದದ್ದು ಯಾಕೆ ಆಗಬಾರದು ಎಂದು ತಾವೇ ತೀರ್ಪು ಕೊಟ್ಟರು. ಕೊಟ್ಟವರೇ ಫೋನಿಗೆ ಅಕ್ಷತೆ ಹಾಕಿದರು. ಉದ್ಧರಣೆಯಲ್ಲಿ ನೀರು ತುಂಬಿ ಮೇಲೆತ್ತುವಷ್ಟರಲ್ಲಿ ನಾನು ಕಸಿದುಕೊಂಡೆ. ಹಾಗಾಗಿ ಫೋನು ಉಳಿಯಿತು. ಒಂದು ಅಕ್ಕಿಕಾಳು ಮಾತ್ರ ಐದರ ಗುಂಡಿಯ ಸಂದಿಯಲ್ಲಿ ಕೂತು, ಅಂದಿನಿಂದ ಐದು ಒತ್ತಿದರೆ ಒಮ್ಮೆ ಬೀಳುತ್ತದೆ, ಒಮ್ಮೆ ಇಲ್ಲ.

ಆಮೇಲೆ ಅತ್ತೆ ತುಮಕೂರಿನ ನೆಂಟರಿಗೆಲ್ಲ ಫೋನಿನಲ್ಲಿ ಹೇಳಿದ್ದೇ ಹೇಳಿದ್ದು. ಸೊಸೆ ಸಂಕಷ್ಟಿಗೆ ಚಂದ್ರನನ್ನು ಮನೆಯೊಳಗೇ ತಂದುಕೊಡುತ್ತಾಳೆ, ಕಾನ್ವೆಂಟಿನಲ್ಲಿ ಓದಿದವಳು, ಸುಳ್ಳು ಎಂಬುದು ಬಾಯಲ್ಲಿ ಬರುವುದಿಲ್ಲ ಎಂದು. ಹೀಗೆ ನೋಡುನೋಡುತ್ತಿದ್ದಂತೆ ನಲವತ್ತು ವರ್ಷದ ಒಂದು ವ್ರತ, ಸಕ್ಕರೆ ಕಾಯಿಲೆಯ ಒಬ್ಬ ಹೆಂಗಸಿನ ಊಟ, ಎರಡೂ ಬಂದು ನನ್ನ ಹಳೆಯ ಫೋನಿನ ಮೇಲೆ ನಿಂತವು.

ಶ್ರಾವಣದ ಸಂಕಷ್ಟಿ ಬಂತು. ನಮ್ಮವರು ಯಾವುದೋ ಬ್ರಾಂಚಿನ ಇನ್‌ಸ್ಪೆಕ್ಷನ್ ಎಂದು ಊರಲ್ಲಿರಲಿಲ್ಲ. ಮಧ್ಯಾಹ್ನದಿಂದಲೇ ಮೋಡ ಕಂಬಳಿ ಹೊದ್ದಂತೆ ಕವಿದಿತ್ತು. ಒಂಬತ್ತೂಕಾಲಿಗೆ ಟೆರೇಸಿಗೆ ಹೋದೆ, ಇಲ್ಲ. ಒಂಬತ್ತೂವರೆಗೆ ಹೋದೆ, ಇಲ್ಲ. ಎರಡನೇ ಮಹಡಿಯ ತೆಲುಗು ಹೆಂಗಸು ಒಣಗಿದ ಬಟ್ಟೆ ಎತ್ತಲು ಬಂದಿದ್ದರು, ನಾನು ಫೋನನ್ನು ಆಕಾಶಕ್ಕೆ ಹಿಡಿದು ನಿಂತದ್ದನ್ನು ಕಂಡು, "ಸಿಗ್ನಲ್ ರಾಲೇದಾ ಅಂಡೀ?" ಎಂದು ಮರುಗಿದರು. ಇನ್ನೂ ಬಂದಿಲ್ಲ ಎಂದೆ. ಅದು ನಿಜವೂ ಆಗಿತ್ತು. ನೀರಿನ ಟ್ಯಾಂಕಿನ ಹತ್ತಿರ ಹೋದರೆ ಬರುತ್ತದೆ ಎಂದು ಅವರು ದಾರಿ ತೋರಿಸಿದರು. ಹೋಗಿ ನಿಂತೆ. ಅಲ್ಲಿಯೂ ಬರಲಿಲ್ಲ. ಹೀಗೆ ಐದು ಸಲ ಹತ್ತಿ ಇಳಿದೆ. ಐದನೇ ಸಲ ಕೆಳಗೆ ಬಂದಾಗ ಹತ್ತೂವರೆ. ಅತ್ತೆ ದೇವರ ಮುಂದೆ ಗೋಡೆಗೆ ಒರಗಿದ್ದರು, ಹಣೆಯ ಮೇಲೆ ಸಣ್ಣಗೆ ಬೆವರಿತ್ತು. ಒಂದು ಲೋಟ ಹಾಲಾದರೂ ಕುಡಿಯಿರಿ ಎಂದು ಅಂಗಲಾಚಿದೆ. ಬೇಡವೆಂದು ತಲೆಯಾಡಿಸಿದರು. ಎಲೆಯ ಮೇಲೆ ಕಡುಬು ತಣ್ಣಗಾಗಿ ಕೂತಿತ್ತು.

ಅಡಿಗೆಮನೆಗೆ ಹೋಗಿ ಫೋನಿನಲ್ಲಿ ಹಳೆಯ ಫೋಟೊಗಳ ಪಟ್ಟಿ ತೆರೆದೆ. ಹೇಗೂ ಎಲ್ಲ ಚಂದ್ರನೂ ಒಂದೇ ಥರ, ಬೀಚಿನದಾದರೇನು ಇವತ್ತಿನದಾದರೇನು ಎಂದು ನನಗೆ ನಾನೇ ಹೇಳಿಕೊಂಡೆ. ಅವಸರದಲ್ಲಿ ಹೆಸರೂ ನೋಡದೆ, ಗುಂಡಗೆ ಬೆಳ್ಳಗೆ, ಮೇಲೊಂದು ಮೋಡದ ಗೀರಿನ ಸಮೇತ ಕಂಡದ್ದನ್ನು ಒತ್ತಿ ಓಡಿ ಬಂದೆ. ಅತ್ತೆ, "ಬಂತೇನೆ?" ಎಂದರು. ನಾನು ಬಂತು ಎನ್ನಲಿಲ್ಲ, ಗಮನಿಸಿ. "ನೋಡಿ ಅತ್ತೆ" ಎಂದು ಫೋನನ್ನು ಮುಂದೆ ಹಿಡಿದೆ ಅಷ್ಟೆ. ಸುಳ್ಳು ಹೇಳದೆ ಸುಳ್ಳು ಹೇಳುವ ಈ ವಿದ್ಯೆಯನ್ನು ಯಾವ ಸಿಸ್ಟರೂ ಕಲಿಸಿರಲಿಲ್ಲ, ಸಂದರ್ಭವೇ ಕಲಿಸಿತು. ಅತ್ತೆ ಬಹಳ ಹೊತ್ತು ನೋಡಿದರು. "ಇವತ್ತು ಚೆನ್ನಾಗಿ ಬಂದಿದೆ ಕಣೇ, ದೊಡ್ಡದಾಗಿ" ಎಂದರು. ಅಂಥ ಪಾಪದ ನಡುವೆಯೂ ನನ್ನ ಕಲೆಯನ್ನು ಹೊಗಳಿದರಲ್ಲ ಎಂದು ಒಂದು ಗಳಿಗೆ ಹಿಗ್ಗಿದೆ. ಅವರು ಕೈಮುಗಿದು, ಅರ್ಘ್ಯವನ್ನು ತಟ್ಟೆಗೆ ಬಿಟ್ಟು, ಮೂರು ಕಡುಬು, ಅನ್ನ, ತೊವ್ವೆ ಊಟ ಮಾಡಿ, ಮಾತ್ರೆ ನುಂಗಿ ಮಲಗಿದರು.

ಮರುದಿನ ಪಾತ್ರೆ ತೊಳೆದಾದ ಮೇಲೆ, ನನ್ನನ್ನು ಕಾಪಾಡಿದ ಆ ಬೀಚಿನ ಚಂದ್ರ ಯಾವುದು ಎಂದು ನೋಡಲು ಫೋನು ತೆಗೆದೆ. ರಾತ್ರಿ ತೆಗೆದದ್ದಕ್ಕೆಲ್ಲ ನಾನು 'ಮೂನ್' ಎಂದೇ ಹೆಸರಿಟ್ಟು ನಂಬರು ಹಾಕಿದ್ದೆ. ಬೀಚಿನದು 'ಮೂನ್ ಮೂರು'. ನಾನು ತೋರಿಸಿದ್ದು 'ಮೂನ್ ನಾಲ್ಕು'. ನಾಲ್ಕನೆಯದು ಚಂದ್ರನೇ ಅಲ್ಲ. ಈ ಮನೆಗೆ ಬಂದ ಹೊಸದರಲ್ಲಿ, ದುಂಡಗಿನ ಬೆಳಕು ಹೇಗೆ ಬರುತ್ತದೆ ಎಂದು ಅಭ್ಯಾಸಕ್ಕಾಗಿ ತೆಗೆದ, ಕೆಳಗಿನ ಗೇಟಿನ ಕಂಬದ ಮೇಲಿರುವ ಹಾಲುಗಾಜಿನ ದೀಪ. ಹಳೆಯ ಚಂದ್ರನಾಗಿದ್ದರೆ ಚಂದ್ರನಾದರೂ ಆಗಿರುತ್ತಿದ್ದ. ನಲವತ್ತು ವರ್ಷದ ವ್ರತವನ್ನು ನಾನು ಅರವತ್ತು ವಾಟಿನ ಬಲ್ಬಿಗೆ ಒಪ್ಪಿಸಿದ್ದೆ.

ಹೇಳೋಣವೆಂದರೆ ಅವರು ಅಷ್ಟುಹೊತ್ತಿಗೆ ತಮ್ಮ ತಂಗಿಗೆ ಫೋನು ಮಾಡಿ, ಮೋಡದೊಳಗಿಂದಲೂ ಸೊಸೆ ಚಂದ್ರನನ್ನು ಹಿಡಿದುಕೊಂಡು ಬಂದಳು ಎಂದು ವರ್ಣಿಸುತ್ತಿದ್ದರು. ಹೇಳದಿರೋಣವೆಂದರೆ ಗೇಟು ದಾಟುವಾಗೆಲ್ಲ ಆ ದೀಪ ನನ್ನನ್ನೇ ನೋಡುತ್ತಿತ್ತು. ರಾತ್ರಿ ನಮ್ಮವರು ಬಂದಮೇಲೆ ಎಲ್ಲ ಹೇಳಿಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಅಂತೂ ನನ್ನ ಜೊತೆಗೆ ಒಬ್ಬಳು ಸೇರಿದಳು ಎಂದರು. ತಪ್ಪೊಪ್ಪಿಗೆಗೆ ಗಂಡನಿಗಿಂತ ಪಾದ್ರಿಯೇ ವಾಸಿ. ಕೊನೆಗೆ ನಾನೇ ಒಂದು ಪ್ರಾಯಶ್ಚಿತ್ತ ಗೊತ್ತುಮಾಡಿಕೊಂಡೆ. ಇಪ್ಪತ್ತೊಂದು ಸಂಕಷ್ಟಿ ನಾನೂ ಉಪವಾಸ ಮಾಡುತ್ತೇನೆ ಎಂದು ಗಣಪತಿಯ ಮುಂದೆ ಮನಸ್ಸಿನಲ್ಲೇ ಹರಕೆ ಹೊತ್ತೆ. ಹನ್ನೊಂದು ಗಂಟೆಗೆ ಎರಡು ಬಿಸ್ಕತ್ತು ಬೀಳದಿದ್ದರೆ ತಲೆನೋವು ಬರುವವಳು ನಾನು. ಭಾದ್ರಪದದಲ್ಲಿ ಉಪವಾಸ ಮಾಡಿದೆ, ಆಶ್ವೀಜದಲ್ಲಿ ಮಾಡಿದೆ. ಅತ್ತೆ ಒಂದು ಮಾತೂ ಕೇಳಲಿಲ್ಲ, ಕಡುಬಿನ ಲೆಕ್ಕ ಮಾತ್ರ ಹೆಚ್ಚಿಸಿದರು.

ಕಾರ್ತಿಕದ ಸಂಕಷ್ಟಿಯ ಮಧ್ಯಾಹ್ನ. ಅತ್ತೆ ಎರಡು ದಿನ ಬಿಟ್ಟು ತುಮಕೂರಿಗೆ ಹೊರಡುವವರಿದ್ದರು. ಬಾಲ್ಕನಿಯಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆವು. ಈಗ ಹೇಳದಿದ್ದರೆ ಇದೂ ಆ ನೆಲ್ಲಿಕಾಯಿಯ ಜೊತೆ ಸೇರಿಬಿಡುತ್ತದೆ ಅನ್ನಿಸಿತು.

"ಅತ್ತೆ, ಶ್ರಾವಣದಲ್ಲಿ ಅವತ್ತು ನಾನು ತೋರ್ಸಿದ್ನಲ್ಲ, ಅದು ಚಂದ್ರ ಅಲ್ಲ."

ಅವರು ಒಂದು ಕಡ್ಡಿಯ ಎಲೆ ಪೂರ್ತಿ ಬಿಡಿಸಿ ಮುಗಿಸಿದರು. "ಗೊತ್ತು ಕಣೇ."

"ಗೊತ್ತಿತ್ತಾ?"

"ಚಂದ್ರನಲ್ಲಿ ಮೊಲ ಇರುತ್ತೆ ಅಂತ ಚಿಕ್ಕೋಳಿದ್ದಾಗಿಂದ ಕೇಳಿದೀನಿ. ಹಲ್ಲಿ ಇರೋದನ್ನ ಅವತ್ತೇ ನೋಡಿದ್ದು."

ಕಣ್ಣು ಆಪರೇಷನ್ ಆದವರು ಅವರು. ಕಾಣದೆ ಹೋದದ್ದು ನನಗೆ. ಮತ್ತೆ ಊಟ ಯಾಕೆ ಮಾಡಿದಿರಿ ಎಂದು ಕೇಳಿದೆ.

"ನಿನ್ನ ಮುಖ ನೋಡಿ ಮಾಡ್ದೆ. ಏದುಸಿರು ಬಿಡ್ತಾ ನಿಂತಿದ್ದೆ. ಇನ್ನೊಂದ್ಸಲ ಹತ್ತಿಸಿದ್ರೆ ಚಂದ್ರ ಬರೋಕ್ಮುಂಚೆ ನೀನೇ ಮೇಲಕ್ಕೆ ಹೋಗ್ಬಿಡ್ತಿದ್ದೆ. ನನ್ಮಗನಿಗೆ ಯಾರು ಅಡಿಗೆ ಮಾಡ್ಹಾಕೋರು?" ಎಂದರು. ಇನ್ನೊಂದು ಕಡ್ಡಿ ಎತ್ತಿಕೊಂಡು, "ಹಸಿವೂ ಆಗಿತ್ತು ಅನ್ಕೋ" ಎಂದು ಸೇರಿಸಿದರು.

ಹಾಗಾದರೆ ವ್ರತ ಎಂದೆ. ಅದಕ್ಕೇನು, ಬೆಳಗಿನ ಜಾವ ಐದಕ್ಕೆ ಎದ್ದಾಗ ಮೋಡ ಹರಿದು ಚೌತಿಯ ಚಂದ್ರ ಇದೇ ಬಾಲ್ಕನಿಯ ಎದುರಿಗೆ ಇಂದ್ರಕೀಲಾದ್ರಿಯ ಮೇಲೆ ನಿಂತಿದ್ದನಂತೆ. ತಪ್ಪಾಯಿತಪ್ಪ ಎಂದು ಕೈಮುಗಿದು ಇನ್ನೊಂದು ಅರ್ಘ್ಯ ಬಿಟ್ಟರಂತೆ. ಅವರ ಮತ್ತು ಗಣಪತಿಯ ವ್ಯವಹಾರ, ನಾನು ಏಳುವ ಮುಂಚೆಯೇ ಮುಗಿದುಹೋಗಿತ್ತು. ನನಗೆ ಒಂದು ಮಾತು ಹೇಳಬಾರದಿತ್ತೇ ಎಂದರೆ, "ಹೇಳೋಣ ಅಂತಲೇ ಇದ್ದೆ. ಅಷ್ಟ್ರಲ್ಲಿ ನೀನು ಉಪವಾಸ ಶುರು ಮಾಡ್ಕೊಂಡೆ. ಇವಳಿಗೂ ಭಕ್ತಿ ಬಂತಲ್ಲ, ಯಾಕೆ ಕೆಡಿಸ್ಲಿ ಅಂತ ಸುಮ್ಮನಾದೆ" ಎಂದು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಅಪರಾಧವೇ ಇಲ್ಲ ಎಂದಮೇಲೆ ಶಿಕ್ಷೆ ಯಾಕೆ ಎಂದು ಆ ಮಧ್ಯಾಹ್ನವೆಲ್ಲ ವಾದಿಸಿಕೊಂಡೆ. ಆದರೆ ಹರಕೆ ಹೊತ್ತದ್ದು ಗಣಪತಿಗೆ, ಅತ್ತೆಗಲ್ಲ. ಅವನು ಬಿಟ್ಟೆ ಎಂದು ಹೇಳಲಿಲ್ಲ. ಇನ್ನು ಹದಿನೆಂಟು ಉಳಿದಿವೆ. ಅತ್ತೆ ಊರಿಗೆ ಹೋದ ಮೇಲೆ ಒಂದು ಭಾನುವಾರ ನಮ್ಮವರು ನನ್ನ ಫೋಟೊಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿ ತೋರಿಸಿದರು. ಸಮುದ್ರದ ಚಂದ್ರ ಕಲಸಿದ ಹಿಟ್ಟಿನ ಉಂಡೆ. ಟೆರೇಸಿನ ಚಂದ್ರರು ಒರೆಸಿದ ಸೀಮೆಸುಣ್ಣ. 'ಮೂನ್ ನಾಲ್ಕು' ಬಂತು ನೋಡಿ: ನಾನು ಮೋಡದ ಗೀರು ಎಂದುಕೊಂಡದ್ದು ಹಲ್ಲಿ, ಅದರ ಬಾಲದ ಡೊಂಕು, ಗಾಜಿಗೆ ಒತ್ತಿದ ಐದೈದು ಬೆರಳು, ಎಲ್ಲವೂ ಕಡೆದಿಟ್ಟ ಹಾಗೆ. ಇಷ್ಟು ದಿನಕ್ಕೆ ರಾತ್ರಿಯ ಹೊತ್ತು ನಾನು ತೆಗೆದದ್ದರಲ್ಲಿ ನೆಟ್ಟಗೆ ಬಂದ ಫೋಟೊ ಅದೊಂದೇ. ಅಳಿಸಿಬಿಡಲಾ ಎಂದು ನಮ್ಮವರು ಕೇಳಿದರು. ಬೇಡ ಎಂದೆ. ಅದರ ಒಂದು ದೊಡ್ಡ ಪ್ರಿಂಟು ಹಾಕಿಸಿಕೊಂಡು ಬನ್ನಿ ಎಂದೂ ಹೇಳಿದೆ.